ಹಿಮಕ್ಕೂ ಜಗ್ಗದ ದೊಡ್ಡಪತ್ರೆಯ ನೆಂಟ: ವೈಲ್ಡ್ ಬರ್ಗಮಾಟ್ ಬೆಳೆಸುವ, ಬಳಸುವ ಬಗೆ

ಅಮೆರಿಕದ ಮಿಡ್‌ವೆಸ್ಟ್‌ನ ಕನ್ನಡದ ಮನೆಗಳಲ್ಲಿ ದೊಡ್ಡಪತ್ರೆಯ ಕತೆ ಹೆಚ್ಚೂಕಡಿಮೆ ಒಂದೇ. ಬೇಸಿಗೆಯಿಡೀ ಡೆಕ್ ಮೇಲಿನ ಕುಂಡದಲ್ಲಿ ಮೈತುಂಬಿಕೊಂಡು ನಿಂತಿರುತ್ತದೆ. ಅಕ್ಟೋಬರ್‌ನ ಒಂದು ರಾತ್ರಿ ಕುಂಡ ಒಳಗಿಡಲು ಮರೆತಿರೋ, ಬೆಳಗಾಗುವಷ್ಟರಲ್ಲಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿರುತ್ತದೆ. ಇಲಿನಾಯ್ ರಾಜ್ಯದಲ್ಲಿ, ಶಿಕಾಗೋ ಹತ್ತಿರದ ನೇಪರ್‌ವಿಲ್‌ನ ನಮ್ಮ ಮನೆಯಲ್ಲಿ ಇದು ಮೂರು ಸಲ ಆಗಿದೆ. ಮೂರನೆಯ ಸಲ ಸತ್ತ ಗಿಡವನ್ನು ಕಿತ್ತು ಹಾಕುತ್ತಿದ್ದಾಗ, ಪಕ್ಕದ ಮನೆಯ ಅಜ್ಜಿಯೊಬ್ಬರು ಬೇಲಿಯಾಚೆಯಿಂದ ಒಂದು ಒಣಗಿದ ಹೂವಿನ ತಲೆ ಚಾಚಿ, ಉಜ್ಜಿ ನೋಡು ಅಂದರು. ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದೆ. ಮೊದಲು ಓಮ, ಅದರ ಬೆನ್ನಿಗೇ ದೊಡ್ಡಪತ್ರೆ.

ಅದು ವೈಲ್ಡ್ ಬರ್ಗಮಾಟ್. ಇಲ್ಲಿಯ ಪ್ರೇರಿ ಹುಲ್ಲುಗಾವಲಿನ ಬಹುವಾರ್ಷಿಕ ಹೂಗಿಡ. ಬೀ ಬಾಮ್ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಮೊನಾರ್ಡಾ ಫಿಸ್ಟುಲೋಸಾ. 2019ರ ಜನವರಿ 30ರಂದು ಶಿಕಾಗೋದಲ್ಲಿ ಉಷ್ಣಾಂಶ ಮೈನಸ್ 23 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಮೈನಸ್ 30 ಸೆಲ್ಸಿಯಸ್‌ನಷ್ಟು ಕೆಳಕ್ಕೆ ಇಳಿದಿತ್ತು. ಆ ಅಜ್ಜಿಯ ಹಿತ್ತಿಲ ಗಿಡಗಳು ಆ ವರ್ಷದ ಜುಲೈನಲ್ಲೂ ಎಂದಿನಂತೆ ಹೂಬಿಟ್ಟವು.

ಬೆಳೆಸುವ ವಿವರಕ್ಕೆ ಹೋಗುವ ಮೊದಲು ಒಂದು ಮಾತು. ಈ ಗಿಡದ ವಿಷಯದಲ್ಲಿ ನಾನು ಮಾಡಿದ ಹೆಚ್ಚಿನ ತಪ್ಪುಗಳು ಕೈ ಧಾರಾಳವಾಗಿದ್ದರಿಂದ ಆದವು. ಗೊಬ್ಬರ ಹೆಚ್ಚು, ನೀರು ಹೆಚ್ಚು, ಕೊನೆಗೆ ತಂಬುಳಿಗೆ ಎಲೆಯೂ ಹೆಚ್ಚು. ಇದಕ್ಕೆ ಬೇಕಾದದ್ದು ಬಿಗಿ ಕೈ.

ಮೊದಲು ಗಿಡವನ್ನು ಗುರುತಿಸಿ

ಇದು ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದ್ದು. ಹಾಗಾಗಿ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿದರೆ ಉರುಳುವುದಿಲ್ಲ, ನಾಲ್ಕು ಮೂಲೆ ಕೈಗೆ ತಾಗುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಉದ್ದಕ್ಕೆ ಚೂಪಾಗಿ, ಅಂಚಿನಲ್ಲಿ ಗರಗಸದ ಹಲ್ಲು, ಬಣ್ಣ ಸ್ವಲ್ಪ ಬೂದುಹಸಿರು. ದೊಡ್ಡಪತ್ರೆಯ ಹಾಗೆ ದಪ್ಪವೂ ಅಲ್ಲ, ರಸಭರಿತವೂ ಅಲ್ಲ. ಗಿಡ ಎರಡರಿಂದ ನಾಲ್ಕು ಅಡಿ ಎತ್ತರ. ತುದಿಯಲ್ಲಿ ತಿಳಿ ನೇರಳೆಯ ಹೂಗೊಂಚಲು, ತಲೆಗೂದಲು ಕೆದರಿಕೊಂಡ ಮಗುವಿನ ಹಾಗೆ. ಒಂದೊಂದು ಹೂವೂ ಒಂದಂಗುಲದ ಸಣ್ಣ ಕೊಳವೆ. ‘ಫಿಸ್ಟುಲೋಸಾ’ ಅಂದರೂ ಕೊಳವೆಯಂಥದ್ದು ಎಂದೇ ಅರ್ಥ. ಗೊಂಚಲು ನಡುವಿನಿಂದ ಅರಳಲು ಶುರುವಾಗಿ ಉಂಗುರದ ಹಾಗೆ ಹೊರಕ್ಕೆ ಹರಡುತ್ತದೆ.

‘ಮೊನಾರ್ಡಾ’ ಎಂಬ ಹೆಸರು 16ನೇ ಶತಮಾನದ ಸ್ಪೇನಿನ ವೈದ್ಯ ನಿಕೋಲಾಸ್ ಮೊನಾರ್ಡೆಸ್‌ನದು. ಅಮೆರಿಕದ ಔಷಧಿ ಗಿಡಗಳ ಬಗ್ಗೆ ದೊಡ್ಡ ಗ್ರಂಥ ಬರೆದವನು, ಅಮೆರಿಕಕ್ಕೆ ಕಾಲಿಟ್ಟವನೇ ಅಲ್ಲ. ಸೆವಿಲ್ ಬಂದರಿಗೆ ಹಡಗಿನಲ್ಲಿ ಬಂದದ್ದನ್ನು ನೋಡಿಯೇ ಬರೆದ. ಇನ್ನು ‘ಬರ್ಗಮಾಟ್’ ಎಂಬುದು ಅರ್ಲ್ ಗ್ರೇ ಚಹಾಕ್ಕೆ ಹಾಕುವ ಇಟಲಿಯ ಹುಳಿ ಹಣ್ಣಿನ ಹೆಸರು. ವಾಸನೆ ಹೋಲುತ್ತದೆಂದು ಯಾರೋ ಇಟ್ಟದ್ದು, ನೆಂಟಸ್ತಿಕೆ ಏನೂ ಇಲ್ಲ.

ಅಂಗಡಿಗೆ ಹೋಗಿ ಬರೀ ‘ಬೀ ಬಾಮ್’ ಎಂದು ಕೇಳಿದರೆ ಮೋಸಹೋಗುತ್ತೀರಿ. ಹೂತೋಟದ ವಿಭಾಗದಲ್ಲಿ ಆ ಹೆಸರಲ್ಲಿ ಸಿಗುವುದು ಹೆಚ್ಚಾಗಿ ಕೆಂಪು ಹೂವಿನ ಮೊನಾರ್ಡಾ ಡಿಡಿಮಾ, ಇಲ್ಲವೇ ಎರಡರ ಮಿಶ್ರತಳಿ. ಡಿಡಿಮಾ ಅಮೆರಿಕದ ಪೂರ್ವಭಾಗದ ತೇವದ ಜಾಗಗಳ ಗಿಡ, ಅದಕ್ಕೆ ನೆಲ ಒಣಗಬಾರದು. ನಾನು ಮೊದಲು ತಂದದ್ದು ಅದನ್ನೇ. ಒಂದು ದೊಡ್ಡ ಅಂಗಡಿಯಿಂದ ಮೂರು ಕುಂಡ ತಂದು ಬಿಸಿಲಿನ ಒಣ ಜಾಗದಲ್ಲಿ ನೆಟ್ಟೆ. ಎರಡನೇ ಬೇಸಿಗೆಗೆ ಒಂದೂ ಉಳಿಯಲಿಲ್ಲ. ಚೀಟಿಯ ಮೇಲೆ ‘ಫಿಸ್ಟುಲೋಸಾ’ ಎಂಬ ಪದ ಇದೆಯೇ ನೋಡಿ, ಇಲ್ಲದಿದ್ದರೆ ಬಿಟ್ಟುಬಿಡಿ. ಹಾಗೆಯೇ ಗಿಡಕ್ಕೆ ಒಳಗಿಂದ ಹರಡುವ ಕೀಟನಾಶಕ ಕೊಟ್ಟಿದ್ದಾರೆಯೇ ಎಂದು ಕೇಳಿ. ನೀವು ಎಲೆ ತಿನ್ನುವವರು, ದುಂಬಿ ಮಕರಂದ ಕುಡಿಯುವುದು. ಇಬ್ಬರಿಗೂ ಅದು ಬೇಡ.

ಹೂ ಬಿಟ್ಟ ಗಿಡವನ್ನು ಕಣ್ಣಾರೆ ನೋಡಬೇಕೆಂದರೆ ಜುಲೈ ಎರಡನೇ ವಾರ ನೇಪರ್‌ವಿಲ್‌ನ ಸ್ಪ್ರಿಂಗ್‌ಬ್ರೂಕ್ ಪ್ರೇರಿಗೆ ಅಥವಾ ಪಕ್ಕದ ಲೈಲ್‌ನ ಮಾರ್ಟನ್ ಆರ್ಬೊರೇಟಮ್‌ನ ಶುಲೆನ್‌ಬರ್ಗ್ ಪ್ರೇರಿಗೆ ಹೋಗಿ. ಎರಡನೆಯದು ಹಳೆಯ ಹೊಲದಲ್ಲಿ 1962ರಿಂದ ಕೈಯಾರೆ ಮರುಬೆಳೆಸಿದ ಹುಲ್ಲುಗಾವಲು. ನೋಡಿ, ಮೂಸಿ, ಫೋಟೊ ತೆಗೆದುಕೊಳ್ಳಿ. ಕೀಳಬೇಡಿ, ಬೀಜವನ್ನೂ ತರಬೇಡಿ. ಇಂಥ ಜಾಗಗಳಲ್ಲಿ ಅದು ಅಪರಾಧ. ಇಲಿನಾಯ್‌ಗೆ ‘ಪ್ರೇರಿ ರಾಜ್ಯ’ ಎಂಬ ಬಿರುದೇನೋ ಇದೆ. ಆದರೆ 1833ರ ಶಿಕಾಗೋ ಒಪ್ಪಂದದಿಂದ ಇಲ್ಲಿಯ ಮೂಲನಿವಾಸಿಗಳಾದ ಪೊಟವಾಟಮಿ ಜನ ಈ ನೆಲ ಬಿಟ್ಟು ಹೋಗಬೇಕಾಯಿತು. 1837ರಲ್ಲಿ ಇದೇ ರಾಜ್ಯದ ಗ್ರಾಂಡ್ ಡಿಟೂರ್‌ನಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಜಿಗುಟು ಮಣ್ಣು ಅಂಟದ ಉಕ್ಕಿನ ನೇಗಿಲು ಮಾಡಿದ. ಸುಮಾರು 2.2 ಕೋಟಿ ಎಕರೆ ಇದ್ದ ಹುಲ್ಲುಗಾವಲಿನಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಉಳಿದದ್ದು ಎರಡೂವರೆ ಸಾವಿರ ಎಕರೆಯ ಆಸುಪಾಸು, ಅದೂ ಹೆಚ್ಚಾಗಿ ರೈಲು ಹಳಿಯ ಪಕ್ಕ, ಹಳೆಯ ಸ್ಮಶಾನಗಳ ಮೂಲೆ.

ಓಮದ ವಾಸನೆ ಎಲ್ಲಿಂದ?

ಈ ಎಲೆಯ ಎಣ್ಣೆಯಲ್ಲಿ ಮುಖ್ಯವಾಗಿ ಇರುವವು ಥೈಮಾಲ್ ಮತ್ತು ಕಾರ್ವಕ್ರಾಲ್. ಓಮದ ಕಾಳಿನ ಘಾಟಿಗೆ ಕಾರಣ ಥೈಮಾಲ್, ದೊಡ್ಡಪತ್ರೆಯ ಘಾಟಿಗೆ ಹೆಚ್ಚಾಗಿ ಕಾರ್ವಕ್ರಾಲ್. ಮೂಗು ಸುಳ್ಳು ಹೇಳಿರಲಿಲ್ಲ. ಗಿಡದಿಂದ ಗಿಡಕ್ಕೆ ಎರಡರ ಪ್ರಮಾಣ ಬೇರೆಯಾಗುತ್ತದೆ, ಆದ್ದರಿಂದ ಒಂದು ಗಿಡ ಓಮದಂತೆ, ಪಕ್ಕದ್ದು ದೊಡ್ಡಪತ್ರೆಯಂತೆ ಕಂಡರೆ ಆಶ್ಚರ್ಯಪಡಬೇಡಿ.

ಇಲ್ಲಿ ಒಂದು ಹಳೆಯ ವ್ಯಾಪಾರದ ಕತೆ ಹೇಳದೆ ಮುಂದೆ ಹೋಗಲಾರೆ. ಮೊದಲ ಮಹಾಯುದ್ಧದ ಮುಂಚೆ ಜಗತ್ತಿನ ಥೈಮಾಲ್ ತಯಾರಾಗುತ್ತಿದ್ದದ್ದು ಹೆಚ್ಚಾಗಿ ಜರ್ಮನಿಯಲ್ಲಿ, ಭಾರತದಿಂದ ಹೋದ ಓಮದ ಕಾಳಿನಿಂದ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ಕಾಟಕ್ಕೆ ಆಗ ಕೊಡುತ್ತಿದ್ದ ಔಷಧ ಥೈಮಾಲ್. ಯುದ್ಧ ಬಂದು ಸರಕು ನಿಂತಿತು. 1916ರಲ್ಲಿ ಅಮೆರಿಕದ ಕೃಷಿ ಇಲಾಖೆ ನಮ್ಮ ಗಿಡದ ಅಕ್ಕನಾದ ಮೊನಾರ್ಡಾ ಪಂಕ್ಟಾಟಾದಿಂದ ಥೈಮಾಲ್ ತೆಗೆಯುವುದು ಹೇಗೆಂದು ಒಂದು ಬುಲೆಟಿನನ್ನೇ ಹೊರಡಿಸಿತು. ಓಮದ ಬದಲಿಗೆ ಮೊನಾರ್ಡಾ ಎಂಬ ಉಪಾಯ ನನ್ನ ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ, ನೋಡಿ.

ಮೂಲನಿವಾಸಿಗಳಿಗೆ ಇದೆಲ್ಲ ಎಷ್ಟೋ ಮೊದಲೇ ಗೊತ್ತಿತ್ತು. ಮೆನಾಮಿನಿ, ಒಜಿಬ್ವೆ, ಹೋ-ಚಂಕ್ ಜನ ನೆಗಡಿ, ಕಟ್ಟಿದ ಮೂಗು, ಚರ್ಮದ ಗುಳ್ಳೆಗಳಿಗೆ ಇದನ್ನು ಬಳಸುತ್ತಿದ್ದರು. ಲಕೋಟಾ ಭಾಷೆಯಲ್ಲಿ ಇದರ ಹೆಸರಿನ ಅರ್ಥ ‘ಎಲ್ಕ್ ಜಿಂಕೆಯ ಮದ್ದು’.

ಜಾಗ ಸಿದ್ಧಮಾಡುವುದು: ನೆಡುವ ಹಿಂದಿನ ಬೇಸಿಗೆಯಲ್ಲೇ

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ ಬೇಕು. ನಾಲ್ಕು ಗಂಟೆ ಬಿದ್ದರೂ ಬದುಕುತ್ತದೆ, ಆದರೆ ಕಾಂಡ ಉದ್ದಕ್ಕೆ ಎಳೆದುಕೊಂಡು ಹೂ ಕಡಿಮೆ. ಮಣ್ಣು ಯಾವುದಾದರೂ ನಡೆಯುತ್ತದೆ, ನಮ್ಮ ಕಡೆಯ ಅಂಟು ಜೇಡಿಯೂ ಸರಿ. ನೀರು ನಿಲ್ಲಬಾರದು, ಅಷ್ಟೇ. ಮಳೆ ಬಂದ ಮರುದಿನವೂ ಚಪ್ಪಲಿ ಪಿಚಕ್ಕೆನ್ನುವ ಜಾಗ ಬೇಡ.

ಲಾನ್ ಹುಲ್ಲನ್ನು ಕೊಲ್ಲುವುದೇ ದೊಡ್ಡ ಕೆಲಸ. ಅಗೆಯಲು ಹೋಗಬೇಡಿ, ಅಗೆದಷ್ಟೂ ಮಣ್ಣಿನಲ್ಲಿ ಮಲಗಿದ್ದ ಕಳೆ ಬೀಜ ಮೇಲಕ್ಕೆ ಬರುತ್ತದೆ. ಆಗಸ್ಟ್‌ನಲ್ಲಿ ಹುಲ್ಲನ್ನು ಬುಡಮಟ್ಟ ಕತ್ತರಿಸಿ, ಮೇಲೆ ರಟ್ಟಿನ ಡಬ್ಬಿಗಳನ್ನು ಬಿಡಿಸಿ ಹಾಸಿ. ಟೇಪು, ಪಿನ್ನು ಕಿತ್ತಿರಬೇಕು. ಒಂದರ ಮೇಲೊಂದು ಆರಂಗುಲ ಹತ್ತಿರಬೇಕು, ಸಂದಿ ಸಿಕ್ಕರೆ ಹುಲ್ಲು ಅಲ್ಲಿಂದಲೇ ತಲೆ ಎತ್ತುತ್ತದೆ. ಚೆನ್ನಾಗಿ ನೆನೆಸಿ, ಮೇಲೆ ಮೂರಂಗುಲ ಮರದ ಚಕ್ಕೆ ಅಥವಾ ಉದುರೆಲೆ ಹರಡಿ ಬಿಟ್ಟುಬಿಡಿ. ಮುಂದಿನ ಮೇ ಹೊತ್ತಿಗೆ ಅಡಿಯ ಹುಲ್ಲು ಕೊಳೆತು ಮಣ್ಣು ಮೆತ್ತಗಾಗಿರುತ್ತದೆ. ನಾಲ್ಕಡಿ ಅಗಲ, ಎಂಟಡಿ ಉದ್ದದ ತುಂಡು ಶುರುವಿಗೆ ಸಾಕು. ಗುದ್ದಲಿ ಹಾಕುವ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸ್, ವಿದ್ಯುತ್ ತಂತಿ ಎಲ್ಲಿದೆಯೆಂದು ಬಂದು ಬಣ್ಣದ ಗುರುತು ಹಾಕಿಹೋಗುತ್ತಾರೆ, ದುಡ್ಡಿಲ್ಲ.

ಮತ್ತೆ ಗೊಬ್ಬರ. ಮಲೆನಾಡಿನ ತೋಟದ ಮನೆಯಲ್ಲಿ ಬೆಳೆದವಳು ನಾನು, ಗಿಡ ನೆಡುವುದೆಂದರೆ ಮೊದಲು ಕೊಟ್ಟಿಗೆ ಗೊಬ್ಬರದ ಬುಟ್ಟಿ ನೆನಪಾಗುತ್ತದೆ. ಮೊದಲ ವರ್ಷ ಗುಣಿಗೆ ಎರಡು ಬೊಗಸೆಯಂತೆ ಚೀಲದ ಸಗಣಿ ಗೊಬ್ಬರ ಹಾಕಿದೆ. ಎರಡನೇ ವರ್ಷ ಗಿಡ ನನ್ನ ಹೆಗಲು ಮುಟ್ಟಿತು. ಜುಲೈನ ಒಂದು ಸಂಜೆ ಗುಡುಗುಮಳೆ ಹೊಡೆದದ್ದೇ ತಡ, ಹೂವಿನ ಸಮೇತ ಇಡೀ ಪಾತಿ ನಡುವಿನಿಂದ ಇಬ್ಭಾಗವಾಗಿ ನೆಲಕ್ಕೆ ಒರಗಿತು. ಕೋಲು ಕೊಟ್ಟು ಕಟ್ಟಿದೆ, ಆಸ್ಪತ್ರೆಯ ವಾರ್ಡಿನ ಹಾಗೆ ಕಾಣಿಸುತ್ತಿತ್ತು. ಕಾಂಪೋಸ್ಟೂ ಬೇಡ, ಮೀನಿನ ಗೊಬ್ಬರವೂ ಬೇಡ. ಹಸಿದ ನೆಲದಲ್ಲೇ ಇದರ ಕಾಂಡ ಗಟ್ಟಿ.

ಹಾಲಿನ ಕ್ಯಾನಿನಲ್ಲಿ ಬಿತ್ತನೆ

ಬೀಜ ತರಿಸುವಾಗ ನಿಮ್ಮ ಪ್ರದೇಶದ ಗಿಡಗಳಿಂದ ತೆಗೆದದ್ದನ್ನೇ ಕೇಳಿ. ಮಿನೆಸೋಟಾದ ವಿನೋನಾದಲ್ಲಿರುವ ಪ್ರೇರಿ ಮೂನ್‌ನಂಥ ನರ್ಸರಿಗಳು ಸ್ಥಳೀಯ ಸಸ್ಯಗಳನ್ನಷ್ಟೇ ಮಾರುತ್ತವೆ. ಬೀಜ ಸಾಸಿವೆಗಿಂತಲೂ ಬಹಳ ಸಣ್ಣದು, ಒಂದು ಗ್ರಾಮಿಗೆ ಎರಡು ಸಾವಿರಕ್ಕೂ ಹೆಚ್ಚು ತೂಗುತ್ತವೆ. ಹಾಗಾಗಿ ಅತಿ ಚಿಕ್ಕ ಪೊಟ್ಟಣವೇ ಸಾಕು, ಮಿಕ್ಕದ್ದನ್ನು ಕನ್ನಡ ಕೂಟದಲ್ಲಿ ಹಂಚಬಹುದು.

ಪ್ರೇರಿಯ ಅನೇಕ ಬೀಜಗಳು ತಿಂಗಳುಗಟ್ಟಲೆ ಚಳಿ ತಿನ್ನದೆ ಮೊಳೆಯುವುದಿಲ್ಲ. ಇದಕ್ಕೆ ಆ ಹಟ ಇಲ್ಲ. ಮನೆಯೊಳಗೆ ಮಾರ್ಚ್ ಕೊನೆಯಲ್ಲಿ ದೀಪದ ಕೆಳಗೆ ಬಿತ್ತಿದರೂ ಎರಡು ವಾರದೊಳಗೆ ಮೊಳಕೆ ಬರುತ್ತದೆ. ಆದರೂ ನಾನು ಹೊರಗೆ ಹಾಲಿನ ಕ್ಯಾನಿನಲ್ಲೇ ಬಿತ್ತುವುದು. ಒಳಗೆ ಬೆಳೆದ ಸಸಿ ನಾಜೂಕು. ಹೊರಗೆ ಇಟ್ಟು ಪಳಗಿಸಲು ಹತ್ತು ದಿನ ಬೆಳಿಗ್ಗೆ ಸಂಜೆ ಟ್ರೇ ಹೊತ್ತು ತಿರುಗಬೇಕು. ಕ್ಯಾನಿನ ಸಸಿ ಹುಟ್ಟಾ ಗಟ್ಟಿಗ.

ಒಂದು ಗ್ಯಾಲನ್‌ನ, ಬೆಳಕು ಹಾಯುವ ಪ್ಲಾಸ್ಟಿಕ್ ಕ್ಯಾನ್ ತೊಳೆದಿಟ್ಟುಕೊಳ್ಳಿ. ಕಾಯಿಸಿದ ಮೊಳೆಯಿಂದ ತಳದಲ್ಲಿ ಏಳೆಂಟು ತೂತು. ಹಿಡಿಯ ಕೆಳಭಾಗದಲ್ಲಿ, ತಳದಿಂದ ನಾಲ್ಕಂಗುಲ ಮೇಲೆ, ಸುತ್ತ ಕತ್ತರಿಸುತ್ತ ಬನ್ನಿ. ಒಂದೆರಡು ಅಂಗುಲ ಹಾಗೇ ಬಿಟ್ಟರೆ ಅದೇ ಕೀಲು, ಡಬ್ಬಿಯ ಮುಚ್ಚಳದಂತೆ ತೆರೆದು ಮುಚ್ಚಬಹುದು. ಮೂರಂಗುಲ ಕುಂಡದ ಮಣ್ಣು ತುಂಬಿ, ನೆನೆಸಿ, ನೀರು ಇಳಿಯುವವರೆಗೆ ಕಾಯಿರಿ.

ಈಗ ಬೀಜ. ಒಂದು ಚಿಟಿಕೆ ಬೀಜವನ್ನು ಒಂದು ಚಮಚ ಒಣ ಮರಳಿನೊಂದಿಗೆ ಬೆರೆಸಿ, ರಂಗೋಲಿ ಪುಡಿ ಬಿಡುವ ಹಾಗೆ ಹೆಬ್ಬೆರಳು ತೋರುಬೆರಳ ನಡುವಿನಿಂದ ಉದುರಿಸಿ. ಮರಳು ಬಿದ್ದ ಕಡೆ ಬಿಳಿಯಾಗಿ ಕಾಣುವುದರಿಂದ ಎಲ್ಲಿ ಹೆಚ್ಚಾಯಿತು ಎಲ್ಲಿ ಕಡಿಮೆಯಾಯಿತು ಗೊತ್ತಾಗುತ್ತದೆ. ಆಮೇಲೆ ಅಂಗೈಯಿಂದ ಮೆಲ್ಲಗೆ ಒತ್ತಿ. ಮೇಲೆ ಮಣ್ಣು ಮುಚ್ಚಕೂಡದು, ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಮುಚ್ಚಿದವರೇ ಬೀಜ ಸತ್ತದ್ದು ಎಂದು ದೂರುವುದು. ಕ್ಯಾನ್ ಮುಚ್ಚಿ ಸುತ್ತ ಟೇಪ್ ಹಚ್ಚಿ, ಬಾಯಿಯ ಬಿರಡೆ ಮಾತ್ರ ತೆಗೆದಿಡಿ; ಮಳೆ ಹಿಮ ಅಲ್ಲಿಂದ ಒಳಗಿಳಿಯಬೇಕು. ಹೆಸರನ್ನು ಪೆನ್ಸಿಲಿನಲ್ಲಿ ಬರೆದು ಒಳಗೂ ಒಂದು ಪಟ್ಟಿ ಹಾಕಿ, ಮಾರ್ಕರ್ ಪೆನ್ನಿನ ಅಕ್ಷರ ಬಿಸಿಲಿಗೆ ಅಳಿಸಿಹೋಗುತ್ತದೆ.

ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಯಾವಾಗ ಬೇಕಾದರೂ ಇದನ್ನು ಮಾಡಿ, ಮನೆಯ ಪೂರ್ವಕ್ಕೋ ದಕ್ಷಿಣಕ್ಕೋ ಹಿಮದ ಮೇಲೇ ಇಟ್ಟುಬಿಡಿ. ಏಪ್ರಿಲ್‌ನಲ್ಲಿ ಹಸಿರು ಚುಕ್ಕೆಗಳು ಕಾಣುತ್ತವೆ. ಹಗಲು ಬಿಸಿ ಏರತೊಡಗಿದ ಮೇಲೆ ಮುಚ್ಚಳ ತೆರೆದಿಡಿ. ನಾನು ಒಂದು ವರ್ಷ ಮರೆತು, ಏಪ್ರಿಲ್‌ನ ಒಂದೇ ಮಧ್ಯಾಹ್ನದಲ್ಲಿ ಒಂದು ಕ್ಯಾನ್ ಸಸಿಯನ್ನು ಇಡ್ಲಿಯಂತೆ ಬೇಯಿಸಿದ್ದೇನೆ.

ನೆಡುವುದು, ಮೊದಲ ವರ್ಷದ ಕಾಯುವಿಕೆ

ಸಸಿಗೆ ಮೂರು ಜೋಡಿ ಎಲೆ ಬಂದ ಮೇಲೆ, ಮೇ ಮಧ್ಯ ದಾಟಿ ಹಿಮದ ಭಯ ಹೋದ ಮೇಲೆ ನೆಡಿ. ಕ್ಯಾನಿನ ಮಣ್ಣನ್ನು ಇಡಿಯಾಗಿ ಹೊರಗೆ ಸುರಿದು, ಬರ್ಫಿ ಕತ್ತರಿಸುವ ಹಾಗೆ ಎರಡೆರಡು ಅಂಗುಲದ ಚೌಕ ಮಾಡಿಕೊಳ್ಳಿ. ಚೌಕವೊಂದರಲ್ಲಿ ನಾಲ್ಕೈದು ಸಸಿ ಇದ್ದರೂ ಇರಲಿ, ಹಾಗೇ ನೆಟ್ಟು ಆಮೇಲೆ ಬಲವಾದದ್ದನ್ನು ಉಳಿಸಿಕೊಳ್ಳಿ. ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡಡಿ. ನಾಲ್ಕೆಂಟಡಿಯ ಪಾತಿಯಲ್ಲಿ ಇದು ಐದು ಗಿಡ ಮೀರಬಾರದು.

ಉಳಿದ ಜಾಗಕ್ಕೆ? ಇದನ್ನು ಒಂಟಿಯಾಗಿ ಸಾಕಬೇಡಿ. ಹುಲ್ಲುಗಾವಲಿನಲ್ಲಿ ಇದರ ಸುತ್ತ ಹುಲ್ಲಿರುತ್ತದೆ, ಬಿದ್ದರೆ ಹಿಡಿಯುವುದು ಹುಲ್ಲೇ. ಎರಡು ಮೂರಡಿಯ ಲಿಟಲ್ ಬ್ಲೂಸ್ಟೆಮ್ ಹುಲ್ಲು ನಾಲ್ಕು ಬುಡ, ಒಂದೆರಡು ಬ್ಲ್ಯಾಕ್ ಐಡ್ ಸೂಸನ್, ಎರಡು ನೇರಳೆ ಕೋನ್‌ಫ್ಲವರ್ ಹೂಗಿಡ ನಡುನಡುವೆ ಹಾಕಿ. ಆಮೇಲೆ ಕೋಲು ಕಟ್ಟುವ ಪ್ರಮೇಯ ಬರುವುದಿಲ್ಲ.

ಮೊದಲ ಬೇಸಿಗೆ ಮಳೆ ಇಲ್ಲದ ವಾರ ಒಂದಂಗುಲದಷ್ಟು ನೀರು ಕೊಡಿ. ಎರಡನೇ ವರ್ಷದಿಂದ ಪೈಪು ಸುತ್ತಿಡಿ. ಬೀಜದಿಂದ ಬಂದ ಗಿಡ ಮೊದಲ ವರ್ಷ ಹೂಬಿಡುವುದು ಅಪರೂಪ. ಅದು ಬೇರಿನ ವರ್ಷ. ಮೇಲೆ ಏನೂ ನಡೆಯುತ್ತಿಲ್ಲ ಎಂದು ಕಿತ್ತು ನೋಡಬೇಡಿ. ಕಳೆ ಮಾತ್ರ ಬಿಡದೆ ತೆಗೆಯಿರಿ. ಯಾವುದು ಕಳೆ ಎಂದು ಗೊಂದಲವಾದರೆ ಒಂದೆಲೆ ಹಿಚುಕಿ ಮೂಸಿ. ಓಮದ ವಾಸನೆ ಬಂದದ್ದು ನಿಮ್ಮದು. ಈ ವಾಸನೆಯಿಂದಾಗಿಯೇ ಮೊಲ, ಜಿಂಕೆ ಹೆಚ್ಚಾಗಿ ಇದರ ತಂಟೆಗೆ ಬರುವುದಿಲ್ಲ. ನನ್ನ ಕೋನ್‌ಫ್ಲವರನ್ನು ಮೊಲ ಬೋಳಿಸಿತ್ತು, ಪಕ್ಕದ ಇದನ್ನು ಮುಟ್ಟಿರಲಿಲ್ಲ.

ಎರಡನೇ ವರ್ಷದಿಂದ ಒಂದು ಕತ್ತರಿ ಕೆಲಸ ಉಂಟು. ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಪಾತಿಯ ಮುಂದಿನ ಸಾಲಿನ ಗಿಡಗಳನ್ನು ಮೂರರಲ್ಲಿ ಒಂದು ಪಾಲು ಕತ್ತರಿಸಿ. ಅವು ಗಿಡ್ಡಗೆ ಕವಲೊಡೆದು ಒಂದೆರಡು ವಾರ ತಡವಾಗಿ ಹೂಬಿಡುತ್ತವೆ, ಹಿಂದಿನವು ಮುಗಿಯುವ ಹೊತ್ತಿಗೆ ಮುಂದಿನವು ತಯಾರು. ಕತ್ತರಿಸಿದ ತುದಿಗಳೇ ವರ್ಷದ ಅತ್ಯುತ್ತಮ ಸೊಪ್ಪು, ಎಸೆಯಬೇಡಿ.

ಬೂದಿ ರೋಗ

ಆಗಸ್ಟ್‌ನಲ್ಲಿ ಎಲೆಯ ಮೇಲೆ ವಿಭೂತಿ ಎರಚಿದ ಹಾಗೆ ಕಾಣಿಸುತ್ತದೆ. ಅದೇ ಬೂದಿ ರೋಗ, ದ್ರಾಕ್ಷಿ ಬೆಳೆಯುವವರಿಗೆ, ಸೌತೆ ಕುಂಬಳ ಬೆಳೆಯುವವರಿಗೆ ಗೊತ್ತಿರುವಂಥದ್ದೇ. ಮೊನಾರ್ಡಾ ಕುಲಕ್ಕೆ ಇದು ಅಂಟಿದ ಶಾಪ. ಗಿಡ ಸಾಯುವುದಿಲ್ಲ, ಅಂದ ಕೆಡುತ್ತದೆ, ಎಲೆ ಅಡುಗೆಗೆ ಬರುವುದಿಲ್ಲ. ಔಷಧಿ ಸಿಂಪಡಿಸುವುದು ನನಗೆ ಸರಿ ಕಾಣುವುದಿಲ್ಲ. ದುಂಬಿಗೋಸ್ಕರ ನೆಟ್ಟ ಗಿಡಕ್ಕೆ ವಿಷ ಯಾಕೆ? ಗಾಳಿಯಾಡುವಂತೆ ಮಾಡುವುದೇ ಉಪಾಯ. ಮೇ ತಿಂಗಳಲ್ಲಿ ಗಿಡ ಒಂದಡಿ ಇದ್ದಾಗ ಬುಡದಲ್ಲಿ ಎದ್ದ ಕಾಂಡಗಳಲ್ಲಿ ಮೂರಕ್ಕೊಂದನ್ನು ನೆಲಮಟ್ಟದಲ್ಲಿ ಕತ್ತರಿಸಿ. ನೀರು ಕೊಡಲೇಬೇಕಾದರೆ ಬುಡಕ್ಕೆ ಕೊಡಿ, ಬೆಳಿಗ್ಗೆ ಕೊಡಿ. ಬರ ಹಿಡಿದ ಬೇಸಿಗೆಯಲ್ಲಿ ರೋಗ ಹೆಚ್ಚು, ಆಗ ಮಾತ್ರ ವಾರಕ್ಕೊಮ್ಮೆ ಬುಡ ನೆನೆಸುವುದು ಲೇಸು. ಮುಂದೆ ಗಿಡ್ಡ ಗಿಡಗಳಿದ್ದರೆ ಬೂದಿ ಹಿಡಿದ ಕಾಲು ಹೊರಗೆ ಕಾಣುವುದೂ ಇಲ್ಲ. ಇದು ತೀರಾ ಬೇಸರವಾದರೆ ‘ಕ್ಲೇರ್ ಗ್ರೇಸ್’ ಎಂಬ ಆಯ್ದ ತಳಿ ಸಿಗುತ್ತದೆ, ಅದಕ್ಕೆ ರೋಗ ಕಡಿಮೆ.

ಜುಲೈ

ಕುರ್ಚಿ ಹಾಕಿಕೊಂಡು ಪಾತಿಯ ಮುಂದೆ ಕೂರುವ ತಿಂಗಳು ಇದು. ಹೂವಿನ ಕೊಳವೆ ಆಳವಾದ್ದರಿಂದ ಉದ್ದ ನಾಲಿಗೆಯವರಿಗಷ್ಟೇ ಮಕರಂದ ಸಿಗುತ್ತದೆ: ಬಂಬಲ್‌ಬೀ, ಚಿಟ್ಟೆ, ಹಮ್ಮಿಂಗ್‌ಬರ್ಡ್. ಹಮ್ಮಿಂಗ್‌ಬರ್ಡಿನ ಮರಿಯೇನೋ ಎಂಬಂತೆ ಹಗಲಲ್ಲೇ ಗಾಳಿಯಲ್ಲಿ ನಿಂತು ಕುಡಿಯುವ, ಗಾಜಿನಂಥ ರೆಕ್ಕೆಯ ಒಂದು ಪತಂಗ ಬರುತ್ತದೆ, ಅದು ಕ್ಲಿಯರ್‌ವಿಂಗ್. ನಾಲಿಗೆ ಗಿಡ್ಡ ಇರುವ ಕೆಲವು ಕಣಜಗಳು, ಮರ ಕೊರೆಯುವ ದೊಡ್ಡ ದುಂಬಿಗಳು ಬಾಗಿಲಿಂದ ಬರುವುದೇ ಇಲ್ಲ. ಕೊಳವೆಯ ಬುಡಕ್ಕೆ ಕನ್ನ ಹಾಕಿ ಹೀರುತ್ತವೆ. ಬಾಡಿದ ಒಂದು ಹೂ ಕಿತ್ತು ಬೆಳಕಿಗೆ ಹಿಡಿದರೆ ಆ ಸೀಳು ಕಾಣಿಸುತ್ತದೆ. ಡುಫೂರಿಯಾ ಮೊನಾರ್ಡೇ ಎಂಬ ಕಪ್ಪು ಪುಟ್ಟ ಜೇನ್ನೊಣವಂತೂ ಮರಿಗಳಿಗೆ ಪರಾಗ ಒಯ್ಯುವುದು ಮೊನಾರ್ಡಾದಿಂದ ಮಾತ್ರ.

ಬೆನ್ನ ಮೇಲೆ ತುಕ್ಕಿನ ಬಣ್ಣದ ಮಚ್ಚೆಯಿರುವ ಬಂಬಲ್‌ಬೀ ಕಂಡರೆ ತಕ್ಷಣ ಫೋಟೊ ತೆಗೆಯಿರಿ. ಅಮೆರಿಕ ಸರ್ಕಾರ 2017ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದ ದುಂಬಿ ಅದು, ಮಿಡ್‌ವೆಸ್ಟ್‌ನ ನಗರಗಳಲ್ಲೇ ಅಲ್ಲಲ್ಲಿ ಉಳಿದಿದೆ, ಈ ಹೂವೆಂದರೆ ಅದಕ್ಕೆ ಇಷ್ಟ.

ಇದೇ ಜುಲೈನಲ್ಲಿ ನನಗೆ ಮನೆಮಾಲೀಕರ ಸಂಘದಿಂದ ‘ಕಳೆ ಬೆಳೆದಿದೆ, ತೆಗೆಯಿರಿ’ ಎಂದು ಪತ್ರ ಬಂದಿತ್ತು. ಜಗಳಕ್ಕೆ ಹೋಗಲಿಲ್ಲ. ಪಾತಿಗೆ ಇಟ್ಟಿಗೆಯ ಅಂಚು ಕಟ್ಟಿದೆ, ಸುತ್ತ ಎರಡಡಿ ಲಾನ್ ನೀಟಾಗಿ ಕತ್ತರಿಸಿದೆ, ಗಿಡಗಳ ಹೆಸರಿನ ಪುಟ್ಟ ಫಲಕ ಇಟ್ಟೆ. ಎರಡನೇ ಪತ್ರ ಬರಲಿಲ್ಲ. ಬೇಕೆಂದೇ ಬೆಳೆಸಿದ್ದು ಎಂದು ಕಣ್ಣಿಗೆ ಕಾಣಬೇಕು, ಅಷ್ಟೇ. ಇಲಿನಾಯ್‌ನಲ್ಲಿ ಸ್ಥಳೀಯ ಸಸ್ಯ ಬೆಳೆಸುವವರ ಪರವಾಗಿ 2024ರಲ್ಲಿ ಒಂದು ಕಾಯ್ದೆಯೇ ಬಂದಿದೆ. ಅದರಲ್ಲೂ ಪಾತಿಯನ್ನು ಕಳೆಯಿಲ್ಲದೆ ಅಚ್ಚುಕಟ್ಟಾಗಿ ಇಡಬೇಕೆಂಬ ಷರತ್ತಿದೆ, ಓದಿಕೊಳ್ಳಿ.

ಬೀಜ, ಬುಡ, ಚಳಿಗಾಲ

ಸೆಪ್ಟೆಂಬರ್ ಕೊನೆಗೆ ಹೂವಿನ ತಲೆ ಕಂದಾಗಿ ಗುಂಡಿಯಂತೆ ಗಟ್ಟಿಯಾಗುತ್ತದೆ. ಕಾಗದದ ಚೀಲದೊಳಗೆ ತಲೆಕೆಳಗು ಮಾಡಿ ತಟ್ಟಿದರೆ ಬೀಜ ಉದುರುತ್ತದೆ. ಉದುರದಿದ್ದರೆ ಇನ್ನೊಂದು ವಾರ ಬಿಡಿ. ಊರಿಗೆ ಹೊರಟಾಗ ಸೂಟ್‌ಕೇಸಿನಲ್ಲಿ ಒಂದು ಪೊಟ್ಟಣ ಹಾಕಿಕೊಳ್ಳುವ ಆಸೆ ಬಂದರೆ ತಡೆದುಕೊಳ್ಳಿ. 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಪರವಾನಗಿ, ಪ್ರಮಾಣಪತ್ರ ಇಲ್ಲದೆ ಬೀಜ ಭಾರತಕ್ಕೆ ತರುವಂತಿಲ್ಲ. ಅಲ್ಲಿ ಬಚ್ಚಲ ಪಕ್ಕ ದೊಡ್ಡಪತ್ರೆ ಇರುವಾಗ ಇದರ ಅಗತ್ಯವೂ ಇಲ್ಲ.

ಒಣಗಿದ ಕಾಂಡಗಳನ್ನು ಚಳಿಗಾಲ ಹಾಗೇ ನಿಲ್ಲಲು ಬಿಡಿ. ವಸಂತದಲ್ಲಿ ಕತ್ತರಿಸುವಾಗಲೂ ಬುಡದಿಂದ ಒಂದೂವರೆ ಅಡಿ ಉಳಿಸಿ, ಆ ತುಂಡುಗಳೊಳಗೆ ಸಣ್ಣ ಒಂಟಿ ಜೇನ್ನೊಣಗಳು ಗೂಡು ಕಟ್ಟುತ್ತವೆ.

ಮೂರ್ನಾಲ್ಕು ವರ್ಷಕ್ಕೆ ಬುಡದ ನಡುಭಾಗ ಬೋಳಾಗಿ ಗಿಡ ಬಳೆಯಾಕಾರಕ್ಕೆ ತಿರುಗುತ್ತದೆ. ಏಪ್ರಿಲ್‌ನಲ್ಲಿ ಮೊಳಕೆ ಎರಡಂಗುಲ ಇರುವಾಗ ಇಡೀ ಬುಡ ಎಬ್ಬಿಸಿ, ಹೊರ ಅಂಚಿನ ಎಳೆಯ ಭಾಗವನ್ನು ಗುದ್ದಲಿಯಿಂದ ಸೀಳಿ ಮತ್ತೆ ನೆಡಿ. ನಡುವಿನ ಸೌದೆಯಂಥದ್ದು ಕಾಂಪೋಸ್ಟಿಗೆ. ಒಂದು ಬುಡದಿಂದ ಐದಾರು ಗಿಡ ನಿರಾಯಾಸ.

ಅಡುಗೆಮನೆಗೆ

ಅಡುಗೆಗೆ ಎಲೆ ಕೀಳುವ ಕಾಲ ಮೇ ಮಧ್ಯದಿಂದ ಹೂಬಿಡುವವರೆಗೆ. ತುದಿಯ ಎರಡು ಜೋಡಿ ಎಲೆಗಳನ್ನಷ್ಟೇ ತೆಗೆಯಿರಿ, ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ. ಗರ್ಭಿಣಿಯರು, ಹಾಲುಣಿಸುವವರು ಇದನ್ನು ಮದ್ದಿನ ಪ್ರಮಾಣದಲ್ಲಿ ಕುಡಿಯಬಾರದು. ಪುಟ್ಟ ಮಕ್ಕಳಿಗೂ ಬೇಡ. ನಿತ್ಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ.

ನಾನು ಮೊದಲು ಮಾಡಿದ್ದು ತಂಬುಳಿ. ದೊಡ್ಡಪತ್ರೆಯ ಲೆಕ್ಕದಲ್ಲೇ ಹದಿನೈದು ಎಲೆ ಹಾಕಿದೆ. ಬಾಯಿಗಿಟ್ಟರೆ ಓಮದ ಅರ್ಕದ ಬಾಟಲಿಯನ್ನೇ ಮಜ್ಜಿಗೆಗೆ ಸುರಿದಂತಿತ್ತು, ನಾಲಿಗೆ ಜುಂ ಎನ್ನುತ್ತಿತ್ತು. ಊರಿಂದ ಬಂದಿದ್ದ ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, “ತಂಬ್ಳಿ ಅಂದ್ರೆ ಹೊಟ್ಟೆ ತಂಪಾಗ್ಬೇಕು ಮಾರಾಯ್ತಿ, ಹಲ್ಲು ನೋವಿಗೆ ಹಚ್ಚೋ ಔಷಧಿ ಮಾಡಿದೀಯಲ್ಲೇ” ಅಂದರು. ಮರುದಿನ ಅವರೇ ತಿದ್ದಿದ ಅಳತೆ ಇದು, ನಾಲ್ವರಿಗೆ.

ಆರು ಎಳೆಯ ಎಲೆ, ಹೆಚ್ಚಿಗೆ ಒಂದೂ ಬೇಡ. ಅರ್ಧ ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಜೀರಿಗೆ ಬಣ್ಣ ತಿರುಗಿದಾಗ ಎಲೆ ಹಾಕಿ ಬಾಡಿಸಿ. ಘಾಟು ಅರ್ಧ ಇಲ್ಲೇ ಹೋಗಬೇಕು, ಆದ್ದರಿಂದ ಎಲೆ ಸುರುಟಿ ಗರಿಯಾಗುವವರೆಗೆ ಬಿಡಿ. ಆರಿದ ಮೇಲೆ ಕಾಲು ಕಪ್ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ. ಫ್ರೀಜರಿನ ತುರಿಯಾದರೆ ಮೊದಲು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಇಲ್ಲವಾದರೆ ಕೊಬ್ಬು ಗಂಟುಗಂಟಾಗಿ ತೇಲುತ್ತದೆ. ಒಂದೂವರೆ ಕಪ್ ಕಡೆದ ಮಜ್ಜಿಗೆ, ಉಪ್ಪು, ಚಿಟಿಕೆ ಬೆಲ್ಲ ಸೇರಿಸಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಡಿ. ಕುದಿಸಬೇಡಿ. ಹದಿನೈದು ನಿಮಿಷ ಬಿಟ್ಟು ಉಣ್ಣಿ.

ದೊಡ್ಡಪತ್ರೆಯ ಬಜ್ಜಿಯ ಆಸೆಯಿಂದ ಇದನ್ನು ಹಿಟ್ಟಿನಲ್ಲಿ ಅದ್ದಿ ಕರಿಯಲು ಹೋದರೆ ಸಿಗುವುದು ಎಣ್ಣೆ ಕುಡಿದ ಕಾಗದ. ಎಲೆ ತೆಳು, ಹಿಟ್ಟು ನಿಲ್ಲುವುದಿಲ್ಲ. ಬದಲಿಗೆ ನಾಲ್ಕೆಲೆ ಸಣ್ಣಗೆ ಹೆಚ್ಚಿ ಈರುಳ್ಳಿ ಬಜ್ಜಿಯ ಹಿಟ್ಟಿಗೆ ಬೆರೆಸಿ, ಓಮ ಹಾಕುವುದು ಬೇಡ.

ನೆಗಡಿಯಾದಾಗ ಕಷಾಯ: ನೀರು, ಕಷಾಯದ ಪುಡಿ, ಬೆಲ್ಲ ಕುದಿಸಿ ಒಲೆ ಆರಿಸಿದ ಮೇಲೆ ಮೂರೆಲೆ ಹರಿದು ಹಾಕಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಎಲೆಯನ್ನೇ ಕುದಿಸಿದರೆ ಕಹಿ, ಸುವಾಸನೆಯೆಲ್ಲ ಆವಿಯ ಪಾಲು. ಗಂಟಲಿಗೆ ಹಿತ, ಅಷ್ಟೇ. ಜ್ವರ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು.

ಹೂವಿನ ಎಸಳು ಎಲೆಗಿಂತ ಸೌಮ್ಯ, ತುದಿಯಲ್ಲಿ ಒಂದು ಹನಿ ಸಿಹಿ. ಗೊಂಚಲಿನಿಂದ ಒಂದೊಂದೇ ಕೊಳವೆ ಎಳೆದು ಹೆಸರುಬೇಳೆ ಕೋಸಂಬರಿಯ ಮೇಲೆ ಉದುರಿಸಿ. ಒಳಗೆ ಇರುವೆಯೋ ಪುಟ್ಟ ಹುಳವೋ ಇರಬಹುದು, ಬಿಳಿ ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿಡಿ, ತಾವಾಗಿ ಹೊರಡುತ್ತವೆ. ಗೊಂಚಲಿನ ಅರ್ಧ ಮಾತ್ರ ಕೀಳಿ, ಉಳಿದರ್ಧಕ್ಕೆ ಗಿರಾಕಿಗಳು ಕಾದಿರುತ್ತಾರೆ.

ಚಳಿಗಾಲಕ್ಕೆ ಒಣಗಿಸಿಡಲು, ಜೂನ್‌ನಲ್ಲಿ ಕತ್ತರಿಸಿದ ತುದಿಗಳನ್ನು ಹತ್ತ್ಹತ್ತು ಕಟ್ಟಿ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ. ನಾನು ಬೇಸ್‌ಮೆಂಟಿನ ಮೆಟ್ಟಿಲ ಕಂಬಿಗೆ ಕಟ್ಟುತ್ತೇನೆ. ಎರಡು ವಾರ ಇಡೀ ಮನೆ ಗಂಧಿಗೆ ಅಂಗಡಿಯಂತಿರುತ್ತದೆ. ಎಲೆ ಪುಡಿಯಾಗುವಷ್ಟು ಗರಿಗರಿಯಾದ ಮೇಲೆ ಕಾಂಡದಿಂದ ಉದುರಿಸಿ ಗಾಜಿನ ಡಬ್ಬಿಗೆ ತುಂಬಿ. ಕೋಡುಬಳೆ, ನಿಪ್ಪಟ್ಟಿನ ಹಿಟ್ಟಿಗೆ ಓಮದ ಬದಲು ಒಂದು ಕಪ್ಪಿಗೆ ಕಾಲು ಚಮಚ ಸಾಕು. ಡಬ್ಬಿಯ ಮೇಲೆ ತಿಂಗಳು, ವರ್ಷ ಬರೆದಿಡಿ. ಒಂದು ವರ್ಷ ದಾಟಿದ್ದು ಬರೀ ಹುಲ್ಲು, ಹೊಸದು ಬಂದ ದಿನ ಅದನ್ನು ಪಾತಿಗೇ ಸುರಿದುಬಿಡಿ.